ಹಳದಿ ಹುಲಿಯ ಬಾಲ

ಗಾಯ್‌ಲಾನ್ ಹುಟ್ಟಿದ್ದು ಹುಲಿ ವರ್ಷದಲ್ಲಿ. ಈ ಸಂಗತಿ ಗೊತ್ತಿದ್ದವರು ಒಟ್ಟು ಮೂವರು: ಅವಳ ತಾಯಿ, ಮದುವೆ ಕುದುರಿಸಿದ ಮುದುಕಿ, ಮತ್ತು ಅವಳೇ. ಹುಲಿ ವರ್ಷದ ಹೆಣ್ಣೆಂದರೆ ಗಂಡಿನ ಕಡೆಯವರು ಚಹಾ ಅರ್ಧಕ್ಕೇ ಬಿಟ್ಟು ಏಳುವ ಸೀಮೆ ಅದು. ಹಾಗಾಗಿ ಮುದುಕಿ ಅವಳ ವಯಸ್ಸಿನಲ್ಲಿ ಒಂದು ವರ್ಷ ಎಗರಿಸಿ, ಮೊಲದ ವರ್ಷದವಳೆಂದು ಸಾರಿ, ಮದುವೆ ಮುಗಿಸಿಬಿಟ್ಟಳು. ತಾಯಿಯೂ ಮುದುಕಿಯೂ ಗುಟ್ಟನ್ನು ಮಣ್ಣಿಗೆ ಒಯ್ದರು. ಹೊರಲು ಗಾಯ್‌ಲಾನ್ ಒಬ್ಬಳೇ ಉಳಿದಳು.

ಎತ್ತು, ಹುಲಿ, ಮೊಲ ಎಂದು ವರ್ಷಕ್ಕೊಂದರಂತೆ ಸಾಗುವ ಹನ್ನೆರಡು ಪ್ರಾಣಿಗಳ ಸುತ್ತಿನಲ್ಲಿ ಹುಟ್ಟಿದ ವರ್ಷ ತಿರುಗಿ ಬಂದಾಗ ಕೆಡುಕು ತಟ್ಟದಿರಲೆಂದು ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿಕೊಳ್ಳಬೇಕು. ಅವಳು ಎರಡು ಸಲ ಕಟ್ಟುತ್ತಿದ್ದಳು. ಹುಲಿ ವರ್ಷದಲ್ಲಿ ಯಾರಿಗೂ ಕಾಣದಂತೆ ಒಳ ಅಂಗಿಯ ಕೆಳಗೆ, ಮರುವರ್ಷ ಮೊಲದ ಹೆಸರಿನಲ್ಲಿ ಊರಿಗೆಲ್ಲ ಕಾಣುವಂತೆ. ಮದುಮಕ್ಕಳ ಕೋಣೆಯಲ್ಲಿ ಹಾಸಿಗೆ ಹಾಸಲು ಯಾರಾದರೂ ಕರೆದರೆ ಸೊಂಟ ಹಿಡಿದಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದಳು, ಏಕೆಂದರೆ ಅಲ್ಲಿಗೆ ಹುಲಿ ವರ್ಷದವರು ಕಾಲಿಡಬಾರದು. ಅವಳಿಗೆ ಸುಳ್ಳು ಹೇಳಲು ಬರುತ್ತಿತ್ತು. ತಾನು ಹೇಳಿದ ಸುಳ್ಳನ್ನು ನಂಬಲು ಬರುತ್ತಿರಲಿಲ್ಲ.

ಈಗ ಅವಳ ನಲವತ್ತೆಂಟಕ್ಕೆ ಹುಲಿ ವರ್ಷ ಮತ್ತೆ ಬಂದಿತ್ತು. ಅದೇ ವರ್ಷದ ಎರಡನೇ ತಿಂಗಳಲ್ಲಿ, ಹೊಳೆಯಾಚೆಯ ಊರಿಗೆ ಕೊಟ್ಟಿದ್ದ ಮಗಳು ವೆನ್‌ನಿ ಹೆಣ್ಣು ಹೆತ್ತಳು. ಚೊಚ್ಚಲ ಮೊಮ್ಮಗಳು. ಗಾಯ್‌ಲಾನ್ ಮೊಟ್ಟೆ, ಬೆಲ್ಲ, ನವಣೆ ಎಲ್ಲ ಕಟ್ಟಿಕೊಂಡು ಹೊರಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಣಂತಿ ಕೋಣೆಗೂ ಹುಲಿ ವರ್ಷದವರು ಹೋಗುವಂತಿಲ್ಲ. ಹೋದರೆ ಮಗುವಿಗೆ ಆಗಿಬರುವುದಿಲ್ಲ ಎಂಬುದನ್ನು ಅವಳು ಸೂರ್ಯ ಮೂಡುವಷ್ಟೇ ಖಚಿತವಾಗಿ ನಂಬಿದ್ದಳು. ಮಗುವಿನ ತಲೆಗೆ ಹುಲಿ ಟೊಪ್ಪಿಗೆ ಬೇಕು, ಕಾಲಿಗೆ ಹುಲಿ ಮುಖದ ಬೂಟು ಬೇಕು, ತಲೆದಿಂಬಿಗೂ ಹುಲಿಯೇ ಆಗಬೇಕು. ಹುಲಿ ವರ್ಷದ ಅಜ್ಜಿ ಮಾತ್ರ ಬೇಡ.

ಇದರ ಮೇಲೆ ಬೀಗಿತ್ತಿ ಮಾನ್‌ಚಿನ್ ಬೇರೆ, ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ನೂರು ದಿನ ತುಂಬುವವರೆಗೆ ಹುಲಿ ವರ್ಷದವರು ತನ್ನ ಮನೆ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ್ದಳು. ಊರಿಗೆಲ್ಲ ಅವಳು ಎತ್ತಿನ ವರ್ಷದವಳು. ದನಿಯೂ ಹಾಗೇ ಇತ್ತು.

ಗಾಯ್‌ಲಾನ್ ಸಾಮಾನನ್ನು ಮಗ ಜಿಂಗ್‌ಮಿನ್‌ನ ಸೈಕಲ್ಲಿಗೆ ಕಟ್ಟಿ, ಜೊತೆಗೆ ಒಂದು ನೆಪವನ್ನೂ ಕಟ್ಟಿ ಕಳಿಸಿದಳು. ಮೊದಲ ವಾರ ಹಲ್ಲುನೋವು. ಎರಡನೇ ವಾರ, ಹಂದಿ ಮರಿ ಹಾಕಿದೆ, ಬಿಟ್ಟು ಬರಲಾಗದು. ಜಿಂಗ್‌ಮಿನ್ ಪೆಡಲಿನ ಮೇಲೆ ಕಾಲಿಟ್ಟವನು ತಿರುಗಿ, ಯಾವ ಹಂದಿ ಎಂದು ಕೇಳಿದ. ತಾಯಿ ಕೆಕ್ಕರಿಸಿ ನೋಡಿದಳು. ಅವನು ಹೋದ. ಮೂರನೇ ವಾರ ಬೇರೇನೂ ಹೊಳೆಯದೆ ಹಂದಿ ಮತ್ತೆ ಮರಿ ಹಾಕಿತು.

ಜಿಂಗ್‌ಮಿನ್ ಹಿಂದಿರುಗುವಾಗ ಸುದ್ದಿ ತರುತ್ತಿದ್ದ. ಮಗುವಿಗೆ ಗುಂಗುರು ಕೂದಲಂತೆ. ಅತ್ತೆ ಮಾನ್‌ಚಿನ್ ಮಗುವನ್ನು ಒಮ್ಮೆಯೂ ಎತ್ತಿಲ್ಲವಂತೆ. ಗಂಜಿ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ಮುಖ ಅತ್ತ ತಿರುಗಿಸಿ, ಕೆಮ್ಮಿ ಹೋಗುತ್ತಾಳಂತೆ. ಗಾಯ್‌ಲಾನ್‌ಗೆ ಮೈಯೆಲ್ಲ ಉರಿಯಿತು. ಹೆಣ್ಣು ಹುಟ್ಟಿತೆಂದು ತಾನೇ ಈ ಧಿಮಾಕು? ತಾನೂ ಹೆಣ್ಣಲ್ಲವೇ ಆ ಎತ್ತು? ಹೀಗೆ ಒಂದು ಗಂಟೆ ಬೈದಳು. ಬೈದು ಮುಗಿಸಿದ ಮೇಲೆ ಜಿಂಗ್‌ಮಿನ್ ತಂಗಿ ಹೇಳಿ ಕಳಿಸಿದ ಮಾತನ್ನು ಒಪ್ಪಿಸಿದ.

"'ಹಂದಿ ಎರಡು ಸಲ ಹಾಕಿದ ಮರೀಲಿ ಹೆಣ್ಣೆಷ್ಟು ಅಂತ ಅವ್ವನ್ನ ಕೇಳು. ಹೆಣ್ಣುಮರಿಗಳನ್ನಾದ್ರೂ ಮುಟ್ಟಿ ನೋಡಿದ್ಲಾ ಅಂತ ಕೇಳು' ಅಂದ್ಲು."

ಗಾಯ್‌ಲಾನ್ ಅಂದು ಊಟ ಮಾಡಲಿಲ್ಲ. ನಿಜ ಹೇಳಿದರೆ ಮೂವತ್ತು ವರ್ಷದ ಮಾನ ಹೋಗುತ್ತದೆ, ಹೇಳದಿದ್ದರೆ ಮಗಳು ಹೋಗುತ್ತಾಳೆ. ಏನು ಮಾಡುವುದೆಂದು ತಿಳಿಯದೆ ಸೂಜಿ ದಾರ ತೆಗೆದುಕೊಂಡು ಕೂತಳು.

ತಿಂಗಳು ತುಂಬುವ ದಿನ ತವರಿನಿಂದ ಹಳದಿ ಬಟ್ಟೆಯ ಹುಲಿ ಹೋಗಬೇಕು. ಗೋಧಿ ಹೊಟ್ಟು ತುಂಬಿ, ಹಣೆಯ ಮೇಲೆ 'ರಾಜ' ಎಂಬ ಅರ್ಥದ ಅಕ್ಷರ ಹೊಲಿದು, ಅದನ್ನು ಸೋದರಮಾವ ಒಯ್ಯಬೇಕು. ಮನೆಯೊಳಗೆ ತರುವ ಮುಂಚೆ ಹೊಸ್ತಿಲ ಬಳಿ ಅದರ ಬಾಲದ ತುದಿ ಕಿತ್ತು ಹೊರಗೆಸೆಯಬೇಕು. ಮಗುವಿಗೆ ಬರಲಿದ್ದ ಕೆಡುಕೆಲ್ಲ ಆ ತುಂಡಿನೊಂದಿಗೆ ಹೋಗುತ್ತದೆ. ಅದಕ್ಕೇ ಬಾಲದ ತುದಿಯನ್ನು ನಾಲ್ಕೇ ನಾಲ್ಕು ಹೊಲಿಗೆಯಲ್ಲಿ ಸಡಿಲವಾಗಿ ತಗುಲಿಸಿರುತ್ತಾರೆ. ಗಾಯ್‌ಲಾನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆ ದಿನಗಳಲ್ಲಿ ಅವಳ ಕೈ ಹೊಲಿಯುತ್ತಿತ್ತು, ಮನಸ್ಸು ಹೊಳೆಯಾಚೆಗಿತ್ತು. ತಾನು ಎತ್ತಲಾಗದ ಮಗುವನ್ನು ಇದಾದರೂ ಕಾಯಲಿ ಎಂದು ಬೂಟಿನ ಅಟ್ಟೆ ಹೊಲಿಯುವ ಸೆಣಬಿನ ದಾರಕ್ಕೆ ಮೇಣ ತಿಕ್ಕಿ, ಬಾಲವನ್ನು ತುದಿಯವರೆಗೂ ಮೂರು ಸುತ್ತು ಬಿಗಿದಳು.

ತಿಂಗಳು ತುಂಬಿದ ದಿನಕ್ಕೆ ತಾಯಿ ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ. ಬಾಗಿಲವರೆಗೆ ಹೋಗಿ ಅಲ್ಲಿಂದಲೇ ಹಿಂದಿರುಗಲು ಏನಾದರೂ ನೆಪ ಹುಡುಕಿದರಾಯಿತು ಎಂದುಕೊಂಡು, ಗಂಡ ಮತ್ತು ಮಗನೊಂದಿಗೆ ಹೊರಟಳು.

ಅಂಗಳದ ತುಂಬ ನೆಂಟರು. ಹುಳಿ ಶಾವಿಗೆಯ ಹಬೆ ಬೀದಿಗೇ ಬರುತ್ತಿತ್ತು. ಜಿಂಗ್‌ಮಿನ್ ಹೊಸ್ತಿಲ ಮುಂದೆ ನಿಂತು ಬಾಲ ಹಿಡಿದು ಎಳೆದ. ಬರಲಿಲ್ಲ. ಹುಲಿಯನ್ನು ಕಂಕುಳಲ್ಲಿ ಅಮುಕಿ ಎಳೆದ. ತೊಡೆಗಳ ನಡುವೆ ಸಿಕ್ಕಿಸಿ ಎಳೆದ. ಜನ ನಗಲು ಶುರುಮಾಡಿದರು. ಯಾರೋ ಕತ್ತರಿ ತಂದರು. ಕತ್ತರಿ ಆಡಿಸಿದರೆ ಮಗುವಿನ ಆಯಸ್ಸಿಗೇ ಕತ್ತರಿ ಎಂದು ಮಾನ್‌ಚಿನ್ ಅವರನ್ನು ಓಡಿಸಿ, ತೋಳು ಮಡಚಿ ಮುಂದೆ ಬಂದಳು.

"ಏನ್ ಬೀಗರೇ, ಇದು ಹೊಲಿಗೇನೋ ಬೆಸುಗೇನೋ?"

"ನಮ್ಮನೆ ಹುಲಿ ಬೀಗರೇ. ಮಗು ಮುಟ್ಟದವರ ಕೈಗೆ ಬಾಲ ಕೊಡಲ್ಲ," ಎಂದಳು ಗಾಯ್‌ಲಾನ್.

ಮಾನ್‌ಚಿನ್ ಮುಖ ಕೆಂಪಾಯಿತು. "ತಿಂಗಳಿಡೀ ಹಂದಿ ಬಾಣಂತನ ಮಾಡಿದೋರು ಈ ಮಾತಾಡ್ತೀರಾ?" ಎಂದವಳೇ ಒಳಗಿನಿಂದ ಬಾಲ ಹಿಡಿದಳು. ಗಾಯ್‌ಲಾನ್ ಹೊರಗಿನಿಂದ ಹುಲಿಯ ಕುತ್ತಿಗೆ ಹಿಡಿದಳು. ಇಬ್ಬರೂ ಒಂದು ತಿಂಗಳ ಸಿಟ್ಟನ್ನೆಲ್ಲ ಕೂಡಿಸಿ ಎಳೆದರು. ದಾರ ಗಟ್ಟಿಯಾಗೇ ಇತ್ತು, ಬಟ್ಟೆ ಸೋತಿತು. ಬಾಲ ಬುಡಸಮೇತ ಕಿತ್ತು ಬಂದು, ಗೋಧಿ ಹೊಟ್ಟು ನೆಂಟರ ಶಾವಿಗೆಯ ಮೇಲೆಲ್ಲ ಉದುರಿತು. ಮಾನ್‌ಚಿನ್ ಹೊಸ್ತಿಲೊಳಗೆ ಅಂಗಾತ ಬಿದ್ದಳು, ಗಾಯ್‌ಲಾನ್ ಹೊಸ್ತಿಲಾಚೆ ಅಂಗಾತ ಬಿದ್ದಳು. ಇಬ್ಬರ ಅಂಗಿಯೂ ಎದೆಯವರೆಗೆ ಸರಿಯಿತು.

ಇಬ್ಬರ ಸೊಂಟದಲ್ಲೂ ಕೆಂಪು ಪಟ್ಟಿ.

ನಗುತ್ತಿದ್ದವರು ನಿಲ್ಲಿಸಿದರು. ಮೊಲಕ್ಕೆ ಈ ವರ್ಷ ಕೆಂಪು ಪಟ್ಟಿ ಯಾಕೆ, ಎತ್ತಿಗೆ ಯಾಕೆ ಎಂದು ಒಬ್ಬ ಮುದುಕ ಬೆರಳು ಮಡಚಿ ಎಣಿಸತೊಡಗಿದ. ಒಬ್ಬಳು ತನ್ನ ವಯಸ್ಸಿನಿಂದ ಒಂದು ವರ್ಷ ಕಳೆದಿದ್ದಳು, ಇನ್ನೊಬ್ಬಳು ಒಂದು ವರ್ಷ ಕೂಡಿಸಿದ್ದಳು. ನೆಲದ ಮೇಲೇ ಕೂತು ಇಬ್ಬರೂ ಪರಸ್ಪರರ ಸೊಂಟ ನೋಡಿದರು, ಆಮೇಲೆ ಮುಖ ನೋಡಿದರು. ಗಾಯ್‌ಲಾನ್‌ನ ಗಂಡ ಬಾಯಲ್ಲಿದ್ದ ಮೊಟ್ಟೆ ನುಂಗಿ, "ಅದಕ್ಕೇ" ಎಂದಷ್ಟೇ ಹೇಳಿ ಇನ್ನೊಂದು ಮೊಟ್ಟೆ ಸುಲಿದ.

ಗಲಾಟೆ ಕೇಳಿ ವೆನ್‌ನಿ ಮಗುವನ್ನೆತ್ತಿಕೊಂಡು ಕೋಣೆಯಿಂದ ಹೊರಬಂದಳು. ಇಬ್ಬರನ್ನೂ ನೋಡಿದಳು, ಎರಡೂ ಪಟ್ಟಿಗಳನ್ನು ನೋಡಿದಳು.

"ಒಂದು ತಿಂಗಳು ಗೋಡೆ ಕಡೆ ತಿರುಗಿ ಅತ್ತಿದ್ದೀನಿ," ಎಂದಳು. "ಹೆಣ್ಣು ಅಂತ ಇಬ್ರಿಗೂ ಬೇಡವಾದ್ಲು ಅಂದ್ಕೊಂಡಿದ್ದೆ."

"ನನ್ನಿಂದ ಮಗೂಗೆ ಏನಾದ್ರೂ ಆದ್ರೆ ಅಂತ ಹೆದರಿದ್ದೆ ಕಣೇ," ಎಂದಳು ಗಾಯ್‌ಲಾನ್. ಮಾನ್‌ಚಿನ್ ಬಾಲದಿಂದಲೇ ಕಣ್ಣೊರೆಸಿಕೊಂಡಳು.

"ಇವಳು ಹುಟ್ಟಿದ್ದು ಯಾವ ವರ್ಷ? ಇಬ್ರಲ್ಲಿ ಒಬ್ರಾದ್ರೂ ಯೋಚನೆ ಮಾಡಿದ್ರಾ?"

ಇಬ್ಬರಿಗೂ ಹೊಳೆದಿರಲಿಲ್ಲ. ತಂತಮ್ಮ ಹುಲಿಯನ್ನು ಮುಚ್ಚಿಡುವ ಗಡಿಬಿಡಿಯಲ್ಲಿ ತೊಟ್ಟಿಲಲ್ಲಿ ಇನ್ನೊಂದು ಮಲಗಿರುವುದೇ ಮರೆತುಹೋಗಿತ್ತು. ವೆನ್‌ನಿ ಮಗುವನ್ನು ತಂದು ಹೊಸ್ತಿಲಾಚೆ ಕೂತಿದ್ದ ತಾಯಿಯ ಮಡಿಲಿಗೆ ಹಾಕಿದಳು. ಗಾಯ್‌ಲಾನ್ ಮಗುವಿನ ಟೊಪ್ಪಿಗೆ ಸರಿಸಿ ನೋಡಿದಳು. ಗುಂಗುರು ಕೂದಲು ನಿಜವೇ. ಮಗು ಅವಳನ್ನು ದುರುಗುಟ್ಟಿ ನೋಡಿ, ಒಮ್ಮೆ ಆಕಳಿಸಿ, ಮಲಗಿಬಿಟ್ಟಿತು. ಬೇರೇನೂ ಆಗಲಿಲ್ಲ. ಗಾಯ್‌ಲಾನ್ ಮುಚ್ಚುಮರೆಯಿಲ್ಲದೆ ಅತ್ತಳು.

ಮಾನ್‌ಚಿನ್ ಕೈಯಲ್ಲಿದ್ದ ಬಾಲವನ್ನು ಶಾಸ್ತ್ರದ ಪ್ರಕಾರ ಬೀದಿಗೆಸೆದು, ಮೊಣಕಾಲ ಮೇಲೇ ತೆವಳಿಕೊಂಡು ಬಂದು ಪಕ್ಕದಲ್ಲಿ ಕೂತು, ತನ್ನ ಸರದಿಗೆ ಕಾದಳು.

"ಒಂದು ಮಾತು ಹೇಳ್ಬೇಕು," ಎಂದು ಗಾಯ್‌ಲಾನ್ ಮೂಗೊರೆಸಿಕೊಂಡು ಮಗಳಿಗೆ ಹೇಳಿದಳು. "ಹಂದಿ ಮರಿ ಹಾಕಲೇ ಇಲ್ಲ ಕಣೇ."

"ಗೊತ್ತವ್ವ," ಎಂದಳು ವೆನ್‌ನಿ. "ಆ ಹಂದೀನ ಹೊಸ ವರ್ಷಕ್ಕೇ ಕಡಿದಿದ್ರಿ. ಅದರ ತೊಡೆ ಮಾಂಸ ನಂಗೇ ಕಳಿಸಿದ್ದೆ, ಬಸುರಿ ತಿನ್ನಲಿ ಅಂತ."