ಒದ್ದೆ ಬಟ್ಟೆಯ ತೂಕ

ಮದುವೆಗೆ ಮುಂಚೆ ಸ್ತನಗಳಿಗೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದ ಬಾಣಂತಿಗೆ ತನ್ನಲ್ಲಿ ಹಾಲಿದೆಯೇ ಎಂಬುದೇ ಚಿಂತೆಯಾಗಿತ್ತು. ಅದನ್ನು ತಿಳಿಯಲೆಂದು ನರ್ಸ್ ಮಗುವನ್ನು ಹಾಲೂಡಿಸುವ ಮುನ್ನ ತೂಗಿದ್ದಳು. ಊಡಿಸಿದ ಮೇಲೆ ಮತ್ತೆ ತೂಗಿದಳು. ಅಂಕಿ ಒಂದಿಷ್ಟೂ ಏರಿರಲಿಲ್ಲ.

ಬಾಣಂತಿ ಗೋಡೆಯತ್ತ ತಿರುಗಿದಳು. "ನಂಗೆ ಅಂದ ಬೇಕಿತ್ತು ಅತ್ತೆ. ಮಗೂನ ಉಪವಾಸ ಕೆಡವಿದೆ."

ನರ್ಸ್ ಮಗುವಿನ ಲಂಗೋಟಿಯನ್ನು ಮುಟ್ಟಿ ನೋಡಿದಳು. "ಇದು ಒಣ ಬಟ್ಟೆ, ಮೊದಲು ತೂಗಿದಾಗ ಇದ್ದದ್ದಲ್ಲ! ಬದಲಾಯಿಸಿದ್ದು ಯಾರು?"

"ನಾನೇ ಕಣಮ್ಮ," ಎಂದಳು ಅತ್ತೆ. "ಕುಡೀತಾ ಕುಡೀತಾನೇ ಒದ್ದೆ ಮಾಡ್ಕೊಂಡ. ಹಾಗೇ ತೂಗಿದ್ರೆ ಮೋಸ ಆಗಲ್ವಾ?"

"ಅಯ್ಯೋ ಅಜ್ಜಿ, ಮೊದಲು ತೂಗಿದಾಗ ಆ ಮೂತ್ರ ಅವನ ಹೊಟ್ಟೇಲೇ ಇತ್ತಲ್ಲ, ಅದೂ ತೂಕಕ್ಕೆ ಸೇರ್ಬೇಕು!"

ನರ್ಸ್ ಒಣ ಬಟ್ಟೆಯನ್ನು ತೆಗೆದು, ಒದ್ದೆಯದನ್ನು ತೂಕದ ಯಂತ್ರದ ಮೇಲೆ ಮಗುವಿನ ಪಕ್ಕದಲ್ಲಿಟ್ಟಳು. ಅಂಕಿ ಮೂವತ್ತು ಗ್ರಾಂ ಏರಿತು.

"ಅಷ್ಟು ಹಾಲು ಕುಡಿದಿದ್ದಾನೆ. ಇಷ್ಟೇ ಸಾಲದು, ಉಳಿದದ್ದು ಬಾಟಲೀಲಿ ಕೊಡೋಣ," ಎಂದಳು ನರ್ಸ್.

ಬಾಣಂತಿ ಅಂಗಿಯ ಇನ್ನೊಂದು ಮಗ್ಗುಲನ್ನು ಸರಿಸಿ, ಮಗುವಿಗಾಗಿ ಕೈ ಚಾಚಿದಳು.