ಅಪ್ಪನ ಕಲ್ಲುಪೆಟ್ಟಿಗೆಗಳು

"ನಿಧಾನ! ಆ ಕಡೆ ಎತ್ತಿ, ಈ ಕಡೆ ತಗ್ಗಿಸಿ!"

ಪಡಸಾಲೆಯ ಎರಡೂ ಬದಿಗೆ ಸೂರು ಮುಟ್ಟುವಂತೆ ಪೇರಿಸಿದ್ದ ಮರದ ಪೆಟ್ಟಿಗೆಗಳ ನಡುವೆ, ಶವ ಹೊತ್ತವರು ಸಿಕ್ಕಿಹಾಕಿಕೊಂಡಿದ್ದರು.

"ಬದುಕಿದ್ದಾಗ ಯಾರಿಗೂ ಅಡ್ಡ ಬಂದೋನಲ್ಲ, ಪುಣ್ಯಾತ್ಮ. ಇವತ್ತು ಅವನ ಕಲ್ಲೇ ಅವನಿಗೆ ಅಡ್ಡ," ಎಂದ ಪಕ್ಕದ ಮನೆಯ ದರ್ಜಿ.

ಮಗಳಿಗೆ ನಗುವೂ ಬಂತು, ಅಳುವೂ ಬಂತು. "ಅಪ್ಪನ್ನ ಒಳಗೇ ಮಲಗಿಸಿ. ಮೊದಲು ಪೆಟ್ಟಿಗೆ ಹೊರಗೆ ಹಾಕೋಣ."

*

ತವರ ಹುಡುಕಲು ಕಂಪನಿಯೊಂದು ಗುಡ್ಡ ಕೊರೆಯುತ್ತಿದ್ದ ಕಾಲ. ನೆಲದಾಳದಿಂದ ಬಂದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಯಾವುದು ಯಾವ ಕುಳಿಯದು, ಎಷ್ಟು ಆಳದ್ದೆಂದು ಬರೆಯುವುದು ಅಪ್ಪನ ಕೆಲಸ. ತವರ ಸಿಗಲಿಲ್ಲ. ಕಂಪನಿ ಗಂಟುಮೂಟೆ ಕಟ್ಟಿತು. "ಎಲ್ಲಾ ಹಳ್ಳಕ್ಕೆ ಸುರೀರಿ," ಎಂದರು ಸಾಹೇಬರು. ಅಪ್ಪ ಹನ್ನೊಂದು ದಿನ ಕೈಗಾಡಿ ತಳ್ಳಿ ಮನೆಗೆ ಸಾಗಿಸಿದ.

"ಕಾಲಿಡೋಕೆ ಜಾಗ ಇಲ್ಲ, ಇವರಿಗೆ ಕಲ್ಲು!" ಅಮ್ಮ ಹಣೆ ಚಚ್ಚಿಕೊಂಡಳು.

"ಮುನ್ನೂರು ಅಡಿ ಕೆಳಗಿಂದ ಬಂದಿದೆ ಕಣೇ. ಎಸೆಯೋಕೆ ಕೈ ಬರಲ್ಲ."

ಮದುವೆಯಾಗಿ ಹೊರಡುವಾಗ ಮಗಳೂ ಸಿಡುಕಿದ್ದಳು: "ಕಲ್ಲಿಗೆ ಕೊಟ್ಟಷ್ಟು ಜಾಗ ನಮಗೆ ಕೊಡ್ಲಿಲ್ಲ ನೀನು."

ಅಪ್ಪ ತಲೆ ತಗ್ಗಿಸಿ ಅವಳ ಟ್ರಂಕು ಎತ್ತಿಕೊಂಡಿದ್ದ.

*

ಅಂಗಳದಲ್ಲಿ ಪೆಟ್ಟಿಗೆಗಳು ಎರಡು ಸಾಲುಗಟ್ಟಿದವು. ಕಳೆದ ತಿಂಗಳು ಹಳೆಯ ಕೊರೆತದ ಜಾಗ ತೋರಿಸಲು ಅಪ್ಪನನ್ನು ಗುಡ್ಡಕ್ಕೆ ಕರೆದೊಯ್ದಿದ್ದ ಭೂವಿಜ್ಞಾನಿ ಹೆಂಗಸು, ಕೊನೆಯ ದರ್ಶನಕ್ಕೆಂದು ಬಂದವಳು, ಒಂದರ ಮುಂದೆ ಕುಕ್ಕರಿಸಿಬಿಟ್ಟಳು.

"ಇದು ಅವರ ಹತ್ರ ಇತ್ತಾ? ನನಗೆ ಹೇಳಲೇ ಇಲ್ವಲ್ಲ!"

"ಎಸೀರಿ ಅಂದಿದ್ದನ್ನ ಇಟ್ಕೊಂಡಿದ್ದ. ಹೆದರಿರಬೇಕು," ಎಂದ ದರ್ಜಿ.

"ಸ್ವಲ್ಪ ನೀರು ಕೊಡಿ."

ಮಗಳು ಚೊಂಬು ಬಗ್ಗಿಸಿದಳು. ಧೂಳು ಹರಿದುಹೋಯಿತು. ಬೂದುಬಣ್ಣದ ಕಲ್ಲು ತಿಳಿನೇರಳೆಯಾಗಿ ಮಿನುಗಿತು.

"ಪೆಗ್ಮಟೈಟ್ ಅಂತಾರೆ. ಕರಗಿದ ಬಂಡೆ ಆರುವಾಗ ಕಟ್ಟಕಡೆಗೆ ಉಳಿದ ರಸ ಹರಳುಗಟ್ಟಿದ್ದು. ಈ ನೇರಳೆ ಅಭ್ರಕದಲ್ಲಿ ಲಿಥಿಯಂ ಇದೆ. ಬ್ಯಾಟರಿಗೆ ಬೇಕಲ್ಲ, ಅದೇ." ಅವಳ ಬೆರಳು ಪೆಟ್ಟಿಗೆಯ ಅಂಚಿನ ಗುಂಡಕ್ಷರಗಳ ಮೇಲೆ ಮೆಲ್ಲಗೆ ಸರಿಯಿತು. "ಕೋಟಿಗಟ್ಟಲೆ ವರ್ಷ ಬೆಳಕು ಕಾಣದ್ದು."

"ಗಣಿ ಆಗತ್ತಾ?" ಎಂದಳು ಮಗಳು.

"ಈಗಲೇ ಹೇಳೋಕಾಗಲ್ಲ. ಎಷ್ಟಿದೆ ಅಂತ ಅಳೀಬೇಕು. ಆದ್ರೆ ಎಲ್ಲಿದೆ ಅಂತ ನಿಮ್ಮಪ್ಪ ಬರೆದಿಟ್ಟಿದಾರೆ."

ಮಗಳು ಮುಂದಿನ ಪೆಟ್ಟಿಗೆಗೆ ನೀರು ಹೊಯ್ದಳು. ದರ್ಜಿ ಓಡಿಹೋಗಿ ಕೊಡ ತಂದ. ಬಂದವರೆಲ್ಲ ಕೈಹಚ್ಚಿದರು. ಎರಡೂ ಸಾಲಿನುದ್ದಕ್ಕೂ ಕಲ್ಲುಗಳು ಒಂದೊಂದಾಗಿ ಕಣ್ಣು ಬಿಟ್ಟವು: ನೇರಳೆ, ಎಳೆಹಸಿರು, ಬೆಳ್ಳಿಯ ಚೂರು.

ತೆರವಾದ ಬಾಗಿಲಿನಿಂದ ಅಪ್ಪನನ್ನು ಹೊತ್ತು ತಂದವರು ಆ ಎರಡು ಸಾಲುಗಳ ನಡುವೆ ತಾವಾಗಿಯೇ ನಿಂತರು. ಭಾರ ಹೆಗಲ ಮೇಲೇ ಇತ್ತು. ಇಳಿಸಿ ಎಂದಾಗಲಿ, ನಡೆಯಿರಿ ಎಂದಾಗಲಿ ಯಾರೂ ಹೇಳಲಿಲ್ಲ.