ತೊಟ್ಟಿಲ ಏರದ ಕೂಸುಗಳು

ಎರಡನೂರಾ ಹನ್ನೆರಡು ಮನಿ ತಿರುಗೋದಂದ್ರ ಸುಮ್ಮನ ಮಾತಲ್ಲ. ಸಂಪಗಾಂವದ ಹಂತೇಕಿರೋ ತನ್ನ ಹಳ್ಳ್ಯಾಗ ಅನ್ನಪೂರ್ಣಾ ಮೂರು ವಾರ ಒಂದೊಂದ ಬಾಗಲಾ ಬಡದು ಒಂದ ಪ್ರಶ್ನಿ ಕೇಳಿದ್ದಳು. ಹೋದ ಐದು ವರ್ಷದಾಗ ನಿಮ್ಮ ಮನ್ಯಾಗ ವರ್ಷ ತುಂಬೋದರೊಳಗ ತೀರಿಕೊಂಡ ಕೂಸು ಐತೇನ್ರಿ? ಬೆಳಗಾವಿ ಕಾಲೇಜಿನಾಗ ಸಾರ್ವಜನಿಕ ಆರೋಗ್ಯ ಓದೋ ಹುಡುಗಿ, ಎರಡನೇ ವರ್ಷ, ಕಡೀ ಪ್ರಾಜೆಕ್ಟು. ಎಲ್ಲಾರೂ ಚಹಾ ಕೊಟ್ಟರು, ಎಲ್ಲಾರೂ ಇಲ್ಲಂದರು. ಆಕಿ ಎರಡನೂರಾ ಹನ್ನೆರಡು ಫಾರ್ಮಿನಾಗ ‘ಇಲ್ಲ’ ಅಂತ ಬರದಳು.

ಕಾಲೇಜಿನಾಗ ಮೇಡಂ ಆ ಹಾಳಿಗಳನ್ನ ತಿರುವಿ ತಿರುವಿ ನೋಡಿದರು. ಸಿಟ್ಟಿಗೇಳೋ ಹೆಣ್ಣಮಗಳಲ್ಲ ಅವರು. ಕನ್ನಡಕ ತಗದು ಮೇಜಿನ ಮ್ಯಾಲ ಇಟ್ಟು ಕೇಳಿದರು, “ಒಂದೂ ಇಲ್ಲೇನು?”

“ಇಲ್ರಿ ಮೇಡಂ.”

“ಈ ವರದಿ ತಾಲೂಕಾ ಆರೋಗ್ಯ ಕಚೇರಿಗೆ ಹೋಗತದ. ಊರಿಗೆ ಒಬ್ಬ ನರ್ಸ್ ಬೇಕಂತ ಅರ್ಜಿ ಹಾಕೇವಿ ಅಂದಿದ್ದಿ. ಒಂದೂ ಕೂಸು ಸಾಯಲಾರದ ಊರಿಗೆ ನರ್ಸ್ ಯಾಕ ಅಂತ ಅವರು ಕೇಳತಾರ. ನಾ ಸೋಮವಾರ ಸಹಿ ಮಾಡತೇನಿ. ಅಷ್ಟರಾಗ ಒಂದು ವಿಚಾರ ಮಾಡಿ ಬಾ. ನಿಮ್ಮೂರಾಗ ಹುಟ್ಟಿದ್ದನ್ನ ಯಾವ ದಿನದಿಂದ ಕೂಸು ಅಂತ ಎಣಸ್ತಾರ?”

ಬೈಲಹೊಂಗಲದ ಬಸ್ಸಿನಾಗ ಕಿಡಕಿ ಹಂತೇಕ ಕುಂತಾಗ ಆಕಿಗೆ ಉತ್ತರ ಹೊಳೀತು. ಅವರ ಊರಾಗ ಹದಿಮೂರನೇ ದಿನ ತೊಟ್ಟಿಲಕ್ಕ ಹಾಕಿ ಹೆಸರು ಕರದ ಮ್ಯಾಲ ಅದು ಕೂಸು. ಅದಕ್ಕ ಮೊದಲ ಹೋತಂದ್ರ ಯಾರೂ ಬಾಯಿ ಬಿಟ್ಟು ಅಳೂದಿಲ್ಲ, ಬೀಗರು ಮಾತಾಡಸಾಕ ಬರೂದಿಲ್ಲ. ಇಬ್ಬರು ಗಂಡಸರು ಹೊಲಕ್ಕ ಒಯ್ದು ಮಣ್ಣು ಮಾಡಿ ಬರತಾರ, ಮಧ್ಯಾಹ್ನಕ್ಕ ಒಲಿ ಹೊತ್ತತದ. ಆ ಮನಿಯವರನ್ನ ಕೇಳಿದ್ರ ಇಲ್ಲ ಅಂತಾರ. ಸುಳ್ಳು ಹೇಳೂದಿಲ್ಲ ಪಾಪ, ಅವರ ಲೆಕ್ಕದಾಗ ಅದು ಬಂದದ್ದ ಇಲ್ಲ.

ಊರವರು ಇಲ್ಲ ಅಂದ್ರ ಅನ್ನಲಿ, ಈಕಿಗೇನಾಗಿತ್ತು ಧಾಡಿ? ನೂರಾ ಏಳನೇ ಫಾರ್ಮು ಆಕೀ ಮನೀದ. ನಮ್ಮ ಮನೀದೇನು ಕೇಳೂದು ಅಂತ ಕಟ್ಟಿ ಮ್ಯಾಲ ಕುಂತು, ಯಾರಿಗೂ ಕೇಳದ ‘ಇಲ್ಲ’ ಅಂತ ಬರದಿದ್ದಳು. ಮೂರು ವರ್ಷದ ಹಿಂದ ಅಣ್ಣ ಶ್ರೀಶೈಲನ ಹೆಂಡತಿ ಭಾಗೀರಥಿ ಹಡದ ಹೆಣ್ಣಕೂಸು ಆರನೇ ದಿನ ಹೋಗಿತ್ತು. ಹೋದಾಗ ಅನ್ನಪೂರ್ಣಾ ಅದ ಮನ್ಯಾಗ ಇದ್ದಳು. ಎರಡು ವರ್ಷ ಇದನ್ನ ಓದಿದಾಕಿ, ಕೈಯಾಗ ಪೆನ್ನು ಹಿಡಕೊಂಡು ಅದನ್ನ ಮರತಿದ್ದಳು. ಆಕಿಗೆ ತನ್ನ ಮ್ಯಾಲ ತನಗ ಹೇಸಿಕಿ ಬಂತು.

ಸಂಜಿಮುಂದ ಮನಿಗೆ ಬಂದಾಗ ಅವ್ವ ಗುರವ್ವ ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡಾಕ ಹತ್ತಿದ್ದಳು.

“ಅವ್ವಾ, ವೈನಿ ಕೂಸಿಂದು ಬರಕೋಬೇಕು.”

ಗುರವ್ವನ ಕೈಯಾಗಿನ ಮೊರ ನಿಂತಿತು. “ಯಾವ ಕೂಸು?”

“ಗೊತ್ತಿಲ್ಲದಂಗ ಕೇಳಬ್ಯಾಡ.”

“ಏಳು ತಿಂಗಳ ಬಸರಿ ಅದಾಳ ಆಕಿ. ಅಂಥಾಕಿ ಮುಂದ ಅದರ ಸುದ್ದಿ ತಗೀತಿಯೇನು? ತವರಾಗ ತಾಯಿ ಇಲ್ಲ, ಆವಾಗಿನ ಬಾಣಂತನಾನೂ ನಾನ ಮಾಡೇನಿ, ಇದನ್ನೂ ನಾನ ಮಾಡಬೇಕು. ನಿನ್ನ ಡಿಗ್ರಿ ಸಲುವಾಗಿ ಆಕಿ ಹೊಟ್ಟಿ ಉರಸಬ್ಯಾಡ.”

ಅದೂ ಖರೇನ. ಅನ್ನಪೂರ್ಣಾ ಬ್ಯಾಗು ಹೆಗಲ ಮ್ಯಾಲಿಂದ ಇಳಸದ ನಿಂತಳು. ಕೇಳಿದ್ರ ವೈನಿ ಜೀವಕ್ಕ ತ್ರಾಸು, ಕೇಳಲಿಲ್ಲಂದ್ರ ಸೋಮವಾರ ಆ ‘ಇಲ್ಲ’ನ ಹೋಗತದ, ನರ್ಸ್ ಬರೂದಿಲ್ಲ, ಎರಡು ತಿಂಗಳಿಗೆ ಇದ ಮನ್ಯಾಗ ಮತ್ತೊಂದು ಕೂಸು ಹುಟ್ಟತದ.

ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಭಾಗೀರಥಿ ಹಿಟ್ಟಿನ ಕೈಲೇ ಬಾಗಲಕ್ಕ ಬಂದಳು.

“ಊರ ಮಂದಿಗೆಲ್ಲಾ ಕೇಳಿದಿ, ನನ್ನ ಒಬ್ಬಾಕೀನ್ನ ಬಿಟ್ಟಿ,” ಅಂದಳು. “ಮೂರು ವಾರ ಹಾದಿ ನೋಡೇನಿ ಅನ್ನಪೂರ್ಣಾ. ಈಗರೆ ಕೇಳು.”

ಗುರವ್ವ ಮೊರ ಬಾಜೂಕ ಸರಸಿದಳು. ಅನ್ನಪೂರ್ಣಾ ಕುಂತು ಫಾರ್ಮು ತಗದಳು.

“ಹಾಲು ಕುಡೀತಿತ್ತೇನ್ರಿ ವೈನಿ?”

“ಮೂರು ದಿನ ಕುಡೀತು. ನಾಕನೇ ದಿನ ಬಾಯಿ ಹಚ್ಚಲಿಲ್ಲ.”

“ಅಳತಿತ್ತೇನ್ರಿ?”

“ಅಳತಿರಲಿಲ್ಲ. ಎಂಥಾ ಶಾಣ್ಯಾ ಕೂಸು ಅಂತ ನೋಡಾಕ ಬಂದವರೆಲ್ಲಾ ಹೇಳಿದ್ರು. ನನಗೂ ಹಂಗ ಅನಿಸ್ತು.”

ಅನ್ನಪೂರ್ಣಾ ಮುಂದಿನ ಪ್ರಶ್ನಿ ಮ್ಯಾಲ ಬೆರಳಿಟ್ಟು ಓದಿದಳು. “ಕೈಕಾಲು ತಣ್ಣಗಾಗಿದ್ದುವೇನ್ರಿ?”

ಭಾಗೀರಥಿ ಆಕಿ ಮಾರಿ ನೋಡಿದಳು. “ನೀನ ಮೊದಲ ಮುಟ್ಟಿ ನೋಡಿದ್ದಿ. ‘ವೈನಿ, ಕಾಲು ಎಷ್ಟು ತಣ್ಣಗದಾವ’ ಅಂದಿ. ‘ಥಂಡಿ ದಿನ, ಹಂಗ ಇರತಾವ’ ಅಂತ ಅತ್ತಿ ಅಂದ್ರು. ಮರುದಿನ ಮತ್ತ ನೀರು ಎರದ್ವಿ.”

ಹೌದು, ಮುಟ್ಟಿದ್ದಳು. ಬೆರಳಿನಷ್ಟ ಉದ್ದದ ಪಾದ. ಮುಟ್ಟಿ, ಅಷ್ಟು ಅಂದು, ಪರೀಕ್ಷಾ ಐತಿ ಅಂತ ಒಳಗ ಹೋಗಿ ಓದಾಕ ಕುಂತಿದ್ದಳು. ಈಗ ಆಕಿಗೆ ತಲಿ ಎತ್ತಾಕ ಆಗಲಿಲ್ಲ.

“ಬರಿಯೋದು ಆಮ್ಯಾಲ ಬರಿ,” ಅಂದಳು ಭಾಗೀರಥಿ. “ಈ ಸಲ ಕಾಲು ತಣ್ಣಗಾದ್ರ ಏನು ಮಾಡಬೇಕು? ಮೊದಲ ಅದನ್ನ ಹೇಳು.”

“ನೀರು ಎರಿಬಾರದ್ರಿ. ಬರೀ ಮೈಲೇ ನಿಮ್ಮ ಎದಿಗೆ ಅವುಚಿಕೊಂಡು, ತಲಿಗೆ ಕುಲಾಯಿ ಹಾಕಿ, ಮ್ಯಾಲ ಚಾದರ ಹೊಚ್ಚಬೇಕು. ಹಾಲಿಗೆ ಬಾಯಿ ಹಚ್ಚಲಿಲ್ಲಂದ್ರ ಒಂದು ತಾಸೂ ಕಾಯಬಾರದು. ನೂರಾ ಎಂಟಕ್ಕ ಫೋನ್ ಮಾಡಿ, ಹಂಗ ಅವುಚಿಕೊಂಡ ದವಾಖಾನಿಗೆ ಹೋಗಬೇಕು.”

ಭಾಗೀರಥಿ ಹಿಟ್ಟಿನ ಕೈ ತನ್ನ ಹೊಟ್ಟಿ ಮ್ಯಾಲ ಇಟ್ಟಳು.

“ಇಷ್ಟ?” ಅಂದಳು. “ಇಷ್ಟ ಸಾಕಿತ್ತೇನು?”

“ಖಾತ್ರಿ ಹೇಳಾಕ ಬರೂದಿಲ್ರಿ ವೈನಿ. ಉಳೀಬಹುದಿತ್ತು.”

ಗುರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳಾಕ ಹತ್ತಿದಳು. ಆ ಕೂಸಿನ ಸಲುವಾಗಿ ಆ ಮನ್ಯಾಗ ಒಬ್ಬರು ಇನ್ನೊಬ್ಬರ ಮುಂದ ಅತ್ತದ್ದು ಅದ ಮೊದಲು. ಅನ್ನಪೂರ್ಣಾ ‘ಇಲ್ಲ’ ಅನ್ನೋದನ್ನ ಹೊಡದು ‘ಹೌದು’ ಅಂತ ಬರದಳು.

ಭಾಗೀರಥಿ ಕೈ ತೊಳಕೊಂಡು ಚಪ್ಪಲಿ ಮೆಟ್ಟಿದಳು. “ನಡಿ, ನಮ್ಮ ಓಣಿ ತಾಯವ್ವನ ಮನಿಗೆ ನಾನೂ ಬರತೇನಿ. ಆಕಿ ಕೂಸೂ ಒಂಬತ್ತನೇ ದಿನ ಹೋಗೇತಿ. ನೀ ಒಬ್ಬಾಕಿನ ಹೋದ್ರ ಮತ್ತ ಇಲ್ಲಂತಾಳ.”

ಅವರು ಅಂಗಳ ದಾಟೋದರಾಗ ಗುರವ್ವ ಹಿಂದಿಂದ ಕರದಳು. ರೊಟ್ಟಿ ತಾನು ಬಡೀತೇನಿ ಅಂದಳು. ಆಮ್ಯಾಲ ಕಣ್ಣು ಒರಸಿಕೊಂಡು, “ಸಾವಂತ್ರೆವ್ವನ ಮನಿಗೂ ಹೋಗ್ರಿ,” ಅಂದಳು. “ಆಕೀವು ಎರಡು.”